ಹೊಗೆಯ ಬಣ್ಣ

ಹೆಬ್ಬೂರು ದಾಟಿದ ಮೇಲೆ ಸಿಗುವ ಏರಿನಲ್ಲಿ ಹುಲ್ಲು ಹೇರಿದ ಟ್ರ್ಯಾಕ್ಟರೊಂದು ಮಹಾದೇವಯ್ಯನ ಪಿಕಪ್ಪನ್ನು ಹಿಂದೆ ಹಾಕಿತು. ಹಿಂದೆ ಹಾಕುವುದೆಂದರೆ ಭರ್ರನೆ ದಾಟಿಹೋಗಲಿಲ್ಲ. ಪಕ್ಕಕ್ಕೆ ಬಂದು, ಒಂದಷ್ಟು ದೂರ ಜೊತೆಜೊತೆಗೇ ನಡೆದು, ಆಮೇಲೆ ಒಂದೊಂದು ಅಡಿಯಾಗಿ ಮುಂದಾಯಿತು. ಹುಲ್ಲಿನ ಮೇಲೆ ಕಾಲು ಚಾಚಿ ಕೂತಿದ್ದ ಹೆಂಗಸು ಎಲೆ ಅಡಿಕೆ ಜಗಿಯುವುದನ್ನು ನಿಲ್ಲಿಸಿ ಅವನನ್ನು ನೋಡಿದಳು. ನಗಲಿಲ್ಲ. ನಕ್ಕಿದ್ದರೆ ವಾಸಿಯಿತ್ತು. ಕಾಯಿಲೆ ಬಿದ್ದ ದನವನ್ನು ಹೊಡೆದುಕೊಂಡು ಹೋಗುವವನನ್ನು ನೋಡುವ ಹಾಗೆ ನೋಡಿದಳು. ಅವನು ಆಕ್ಸಿಲರೇಟರನ್ನು ಇನ್ನೂ ತುಳಿದ. ತುಳಿಯುವುದಕ್ಕೆ ಇನ್ನೇನೂ ಉಳಿದಿರಲಿಲ್ಲ, ಪೆಡಲು ಆಗಲೇ ನೆಲ ಮುಟ್ಟಿತ್ತು. ಎರಡನೇ ಗೇರಿನಲ್ಲಿ ಇಂಜಿನ್ನು ನರಳಿತು. ಹಿಂದೆ ಇನ್ನೂರು ಕುರ್ಚಿ, ನಾಲ್ಕು ಹಂಡೆ, ಕೊಳಗ, ಸೌಟು, ಶಾಮಿಯಾನದ ಕಂಬಗಳು ಒಂದಕ್ಕೊಂದು ತಗುಲಿ ಸದ್ದು ಮಾಡುತ್ತಿದ್ದವು. ಕುಣಿಗಲ್ಲಿನಲ್ಲಿ ನಾಳೆ ಗೃಹಪ್ರವೇಶ. ಎರಡು ಗಂಟೆಗೆ ಚಪ್ಪರದವರು ಬಂದು ಕಾಯುತ್ತಾರೆ. ಹೋದ ವಾರ ಒಂದು ಕಡೆ ಮರ್ಯಾದೆ ಹೋಗಿದೆ, ಇವತ್ತೂ ಹೋದರೆ ಮಹಾದೇವಯ್ಯನ ಸಾಮಾನು ಅಂದರೆ ಹೊತ್ತಿಗೆ ಬರೋದಲ್ಲ ಅನ್ನುವ ಮಾತು ಮೂರು ತಾಲೂಕಿನಲ್ಲಿ ಹಬ್ಬುತ್ತದೆ.

ಬೆಳಿಗ್ಗೆಯಿಂದ ಅವನಿಗೆ ಸಿಟ್ಟು ಬರದೇ ಇದ್ದ ಸಂಗತಿಯೇ ಇರಲಿಲ್ಲ. ಸ್ನಾನ ಮಾಡಿ ಬಂದರೆ ಟವೆಲ್ಲಿಲ್ಲ. ನೀಲಿ ಚೌಕಳಿಯ ಆ ಟವೆಲ್ಲು ಕಾಣೆಯಾಗಿ ಎಷ್ಟೋ ದಿನವಾಯಿತು, ಹೆಗಲ ಮೇಲೆ ಅದಿಲ್ಲದೆ ಅವನಿಗೆ ಅಂಗಿಯೇ ಹಾಕಿಲ್ಲವೇನೋ ಅನ್ನಿಸುತ್ತದೆ, ಆದರೆ ಹೆಂಡತಿ ಮಾಲಿನಿ ದಿನಾ ಒಂದೇ ಮಾತು ಹೇಳುತ್ತಾಳೆ. ‘ಹೊಸಾದು ತಗಳಿ ಅಂದ್ರೆ. ನಾನೇನು ಅದನ್ನ ತಿಂದ್ನಾ?’ ಯಾರೋ ಎತ್ತಿಕೊಂಡು ಹೋಗಿರಬೇಕು ಅಂದ. ಯಾರೋ ಅಂದರೆ ಯಾರು ಅಂತ ಇಬ್ಬರಿಗೂ ಗೊತ್ತಿತ್ತು. ಡೀಸೆಲ್ ಎತ್ತುವವನಿಗೆ ಟವೆಲ್ಲು ಯಾವ ಲೆಕ್ಕ. ‘ಗಂಗರಾಜು ಅಂಥೋನಲ್ಲ’ ಎಂದು ಮಾಲಿನಿ ಒಲೆಯ ಕಡೆಗೆ ತಿರುಗಿಕೊಂಡೇ ಹೇಳಿದ್ದಳು. ಅವನು ತಿಂಡಿ ತಿನ್ನದೆ ಹೊರಟಿದ್ದ. ಈಗ ಹಸಿವಾಗುತ್ತಿತ್ತು, ಅದಕ್ಕೂ ಸಿಟ್ಟು.

ಗಂಗರಾಜು ಹನ್ನೊಂದು ವರ್ಷ ಈ ಗಾಡಿ ಓಡಿಸಿದವನು. ಗುಬ್ಬಿಯಿಂದ ಬೆಳಗಿನ ಪ್ಯಾಸೆಂಜರ್ ರೈಲಿಗೆ ಬಂದು ಕ್ಯಾತ್ಸಂದ್ರದಲ್ಲಿ ಇಳಿದು, ಮನೆಗೆ ಬಂದು, ಬೀಗದ ಕೈ ಕೇಳುವ ಮೊದಲು ಬಾನೆಟ್ಟಿನ ಮೇಲೆ ಅಂಗೈ ಇಡುತ್ತಿದ್ದ. ಅದನ್ನು ನೋಡಿದರೂ ಮಹಾದೇವಯ್ಯನಿಗೆ ಒಳಗೊಳಗೆ ಆಗುತ್ತಿರಲಿಲ್ಲ. ಗಾಡಿ ಯಾರದು? ಆರ್‌ಸಿಯಲ್ಲಿ ಇರುವ ಹೆಸರು ಯಾರದು? ಆದರೆ ಗಾಡಿಗೆ ಏನೇ ಆದರೂ ಊರಿನವರು ಗಂಗರಾಜುವನ್ನು ಕೇಳುತ್ತಿದ್ದರೇ ಹೊರತು ಎಡಗಡೆ ಸೀಟಿನಲ್ಲಿ ಕೂತವನನ್ನಲ್ಲ. ಎಡಗಡೆ ಕೂತು ಅವನು ಮಾಡುತ್ತಿದ್ದ ಕೆಲಸ ಒಂದೇ, ಬೈಯುವುದು. ನೋಡ್ಕೊಂಡು ಓಡ್ಸೋ. ಗುಂಡಿ ಕಾಣಲ್ವೇನ್ಲಾ. ಬ್ರೇಕ್ ಅಂತ ಒಂದಿದೆ ಕಣೋ ಅದ್ರಲ್ಲಿ. ಗಂಗರಾಜು ಹೂಂ ಅಣ್ಣ ಅನ್ನುತ್ತಿದ್ದ. ಹತ್ತು ಸಲ ಬೈದರೆ ಹತ್ತು ಸಲವೂ ಹೂಂ ಅಣ್ಣ. ಆ ಹೂಂ ಇಲ್ಲದೆ ಇವತ್ತು ಗಾಡಿ ಬಿಕೋ ಅನ್ನುತ್ತಿತ್ತು, ಅದನ್ನು ಮಾತ್ರ ಅವನು ಒಪ್ಪಿಕೊಳ್ಳಲು ತಯಾರಿರಲಿಲ್ಲ.

ಎಂಟು ದಿನದ ಹಿಂದೆ ದೇವರಾಯನದುರ್ಗದ ಮೇಲೆ ಒಂದು ಮದುವೆ. ಅಡುಗೆಯವರು, ಪಾತ್ರೆ, ಅಕ್ಕಿ ಮೂಟೆ ಎಲ್ಲ ಇದೇ ಗಾಡಿಯಲ್ಲಿ. ಅರ್ಧ ಬೆಟ್ಟ ಹತ್ತಿದ್ದೇ ಗಾಡಿ ಮೊದಲನೇ ಗೇರಿನಲ್ಲೂ ಏದುಸಿರು ಬಿಟ್ಟು, ತಿರುವಿನಲ್ಲಿ ಅಡ್ಡ ನಿಂತಿತು. ಹಿಂದೆ ಮದುವೆಗೆ ಬಂದವರ ಬಸ್ಸು, ಅದರ ಹಿಂದೆ ಕಾರುಗಳು, ಎಲ್ಲವೂ ಹಾರ್ನು. ಗಂಗರಾಜು ಇಳಿದು ಹಿಂದೆ ಹೋಗಿ ನೋಡಿ ಬಂದು, ‘ಕರೀ ಹೊಗೆ ಬರ್ತೈತೆ ಅಣ್ಣ. ಗಾಳಿ ಸಾಲ್ತಿಲ್ಲ ಇದ್ಕೆ. ಡೀಸೆಲ್ ಉರೀತಿಲ್ಲ, ಹಂಗಂಗೇ ಹೋಗ್ತೈತೆ. ನಾನು ವಾರದಿಂದ ಹೇಳ್ತಾನೇ ಇದೀನಿ’ ಅಂದ. ವಾರದಿಂದ ಹೇಳುತ್ತಿದ್ದುದು ನಿಜ. ಡೀಸೆಲ್ ಜಾಸ್ತಿ ಕುಡಿಯುತ್ತಿದೆ ಅಂತಲೂ ಅವನೇ ಹೇಳಿದ್ದ. ಮಹಾದೇವಯ್ಯನಿಗೆ ಹೊಳೆದದ್ದು ಒಂದೇ, ಕುಡಿಯುತ್ತಿರುವುದು ಗಾಡಿಯಲ್ಲ. ‘ಕದ್ದು ಮಾರ್ಕೊಂಡು ಗಾಳಿ ಕತೆ ಹೇಳ್ತೀಯೇನ್ಲಾ’ ಎಂದು ಹೊಡೆದ. ಬಸ್ಸಿನ ಕಿಟಕಿಗಳಲ್ಲೆಲ್ಲ ಮುಖಗಳಿದ್ದವು. ನಲವತ್ತೆರಡು ವರ್ಷದ ಗಂಡಸು ಕೆನ್ನೆ ಮುಟ್ಟಿಕೊಳ್ಳಲಿಲ್ಲ. ಬೀಗದ ಕೈ ತೆಗೆದು ಬಾನೆಟ್ಟಿನ ಮೇಲಿಟ್ಟು, ಬೆಟ್ಟ ಇಳಿದು ನಡೆದುಹೋದ. ಅಡುಗೆಯ ಸಿದ್ದಗಂಗಮ್ಮ ಮಾತ್ರ ಅಕ್ಕಿ ಮೂಟೆಯ ಮೇಲಿಂದಲೇ, ‘ಮಿಷನ್ನಿಗೆ ಬಂದಿರೋ ರೋಗಕ್ಕೆ ಮನ್ಷಂಗ್ಯಾಕೆ ಹೊಡೀತೀರಾ ಸ್ವಾಮಿ’ ಅಂದಳು. ಊಟ ಎರಡೂವರೆ ಗಂಟೆ ತಡವಾಯಿತು. ಬೀಗರ ಕಡೆಯವರೊಬ್ಬರೂ ಅವನನ್ನು ಪಂಕ್ತಿಗೆ ಕರೆಯಲಿಲ್ಲ.

ಹೆಬ್ಬೂರಿನ ಏರು ಮುಗಿದ ಕಡೆ ಅವನು ಗಾಡಿ ನಿಲ್ಲಿಸಿದ. ಗಂಗರಾಜು ಕಳ್ಳ ಅಂದಮೇಲೆ ಅವನಿಲ್ಲದೆ ಗಾಡಿ ಚೆನ್ನಾಗಿ ಓಡಬೇಕಿತ್ತು, ಅದೇ ಅವನ ತಲೆ ತಿನ್ನುತ್ತಿದ್ದುದು. ಎಂಟು ದಿನದಲ್ಲಿ ಅವನು ಕೇಳಿದವರೆಲ್ಲ ಒಂದೊಂದು ಹೇಳಿದ್ದರು. ಡೀಸೆಲ್ ಫಿಲ್ಟರ್ ಕಟ್ಟಿದೆ ಅಂದವರ ಮಾತು ಕೇಳಿ ಹೊಸದು ಹಾಕಿಸಿದ. ಟ್ಯಾಂಕಿನಲ್ಲಿ ನೀರು ಸೇರಿದೆ ಅಂದವರ ಮಾತಿಗೆ ಟ್ಯಾಂಕು ಖಾಲಿ ಮಾಡಿಸಿದ. ನೀರಿರಲಿಲ್ಲ. ಬ್ರೇಕು ಹಿಡಿದುಕೊಂಡಿರಬೇಕು ಅಂತ ನಿನ್ನೆ ಪಕ್ಕದ ಮನೆಯ ಮೇಷ್ಟ್ರು ಮಹಾಲಿಂಗಯ್ಯ ಹೇಳಿದ್ದರು, ಸೈಕಲ್ ಬಿಟ್ಟು ಬೇರೇನೂ ಓಡಿಸದ ಮನುಷ್ಯ. ಆದರೂ ಅವನು ಈಗ ಇಳಿದು ನಾಲ್ಕೂ ಚಕ್ರಗಳ ಮೇಲೆ ಕೈಯಿಟ್ಟು ನೋಡಿದ. ಯಾವುದೂ ಬಿಸಿಯಾಗಿರಲಿಲ್ಲ. ರಸ್ತೆಯಲ್ಲಿ ಬಗ್ಗಿ ಚಕ್ರ ಮುಟ್ಟುತ್ತಿರುವಾಗ ಬೈಕಿನಲ್ಲಿ ಹೋಗುತ್ತಿದ್ದ ಇಬ್ಬರು ನಿಧಾನಿಸಿದರು. ‘ಏನ್ ಯಜಮಾನ್ರೇ, ಅಡ್ಗೆ ಸಾಮಾನು ಅಂತ ಬರ್ದಿದೀರಾ, ಗಾಡಿ ಒಳ್ಗೇ ಅಡ್ಗೆ ಶುರು ಮಾಡ್ದಂಗೈತಲ್ಲ. ಹಿಂದ್ಗಡೆ ಬರೋಕಾಗ್ತಿಲ್ಲ ಹೊಗೇಲಿ.’ ಅವರು ಹೋದಮೇಲೆ ಮಹಾದೇವಯ್ಯನಿಗೆ ತಾನು ಇದುವರೆಗೆ ಆ ಹೊಗೆಯನ್ನು ನೋಡೇ ಇಲ್ಲ ಅನ್ನುವುದು ಹೊಳೆಯಿತು. ಮುಂದೆ ಕೂತವನಿಗೆ ಹೊಗೆ ಯಾಕೆ ಕಾಣುತ್ತದೆ. ಅದನ್ನು ಇಳಿದು ಹೋಗಿ ನೋಡಿದವನು ಒಬ್ಬನೇ.

ಕುಣಿಗಲ್ ಮುಟ್ಟುವಾಗ ಹನ್ನೆರಡಾಗಿತ್ತು. ಊರು ಶುರುವಾಗುವಲ್ಲೇ ಹುಣಿಸೆ ಮರದ ಕೆಳಗೆ ದೊಡ್ಡರಂಗಯ್ಯನ ಗ್ಯಾರೇಜು. ಅರವತ್ತು ದಾಟಿದ ಮುದುಕ, ಕಿವಿಯಲ್ಲಿ ಬೀಡಿ, ಮಾತಿಗಿಂತ ಕೆಮ್ಮು ಹೆಚ್ಚು. ಬೆಂಚಿನ ಮೇಲೆ ಮೂವರು ಲಾರಿ ಡ್ರೈವರುಗಳು ಟೀ ಕುಡಿಯುತ್ತಿದ್ದರು. ಎಂಟು ದಿನದ ಹಿಂದಿನವರೆಗೆ ಇಂಥ ಕಡೆ ಮಹಾದೇವಯ್ಯ ಇಳಿದವನಲ್ಲ, ಇಳಿಯುವ ಕೆಲಸ ಗಂಗರಾಜುವಿನದಾಗಿತ್ತು. ಈಗ ಇಳಿದು, ಎರಡು ಗಂಟೆಗೆ ಸಾಮಾನು ಇಳಿಸಬೇಕು, ಬೇಗ ನೋಡಿ ಎಂದು ಹೇಳಿದ. ಜೋರಾಗೇ ಹೇಳಿದ. ಮುದುಕ ಅವಸರ ಮಾಡಲಿಲ್ಲ.

‘ಏರ್ನಾಗೆ ಕ್ಲಚ್ ಜಾರ್ತದಾ? ಅಂದ್ರೆ ಇಂಜಿನ್ ಸೌಂಡು ಜಾಸ್ತಿಯಾಗಿ ಗಾಡಿ ಅಲ್ಲೇ ಇರ್ತದಾ?’

‘ಇಲ್ಲ. ಸೌಂಡೂ ಏರಲ್ಲ.’

‘ಹೊಗೆ ಯಾವ ಬಣ್ಣ?’

ಬೆಂಚಿನವರು ಅವನ ಕಡೆ ನೋಡಿದರು. ಹೇಳಬೇಕಾದ ಮಾತು ಗಂಗರಾಜುವಿನ ಮಾತಾಗಿತ್ತು. ‘ಕರೀದು’ ಅಂದ.

‘ಹಂಗಾದ್ರೆ ಡೀಸೆಲ್ ಸಾಕಷ್ಟು ಹೋಗ್ತೈತೆ. ಗಾಳಿ ಇಲ್ಲ’ ಎಂದು ಮುದುಕ ಬಾನೆಟ್ಟು ಎತ್ತಿದ. ಏರ್ ಫಿಲ್ಟರಿನ ಡಬ್ಬಿ ಬಿಚ್ಚಿ ಫಿಲ್ಟರನ್ನು ಹೊರತೆಗೆದು ಬಿಸಿಲಿಗೆ ಹಿಡಿದ. ‘ಯಾವಾಗ ಹಾಕ್ಸಿದ್ದು ಇದು?’

‘ಹಬ್ಬದ ಮುಂಚೆ. ಡ್ರೈವರ್ ಹಾಕಿದ್ದ.’

‘ಹಬ್ಬ ಕಳ್ದು ತಿಂಗಳಾಗ್ತಾ ಬಂತು. ಈ ರೋಡ್ನಾಗೆ ತಿಂಗಳು ಓಡಿದ್ ಫಿಲ್ಟರು ಇಷ್ಟು ಕ್ಲೀನಾಗಿ ಇರಂಗಿಲ್ಲ ಸ್ವಾಮಿ. ಧೂಳು ಬರ್ಬೇಕಂದ್ರೆ ಗಾಳಿ ಬರ್ಬೇಕಲ್ಲ.’ ಅವನು ಡಬ್ಬಿಯ ಮುಚ್ಚಳ ತೆರೆದಿಟ್ಟೇ ಸ್ಟಾರ್ಟ್ ಮಾಡಲು ಹೇಳಿದ. ಮಹಾದೇವಯ್ಯ ಸ್ಟಾರ್ಟ್ ಮಾಡಿ ತುಳಿದ. ಇಂಜಿನ್ನು ಗರ್ಜಿಸಿದ ರೀತಿಗೆ ಬೆಂಚಿನವರು ಟೀ ಲೋಟ ಕೆಳಗಿಟ್ಟರು. ಹಿಂದೆ ಹೋಗಿ ನೋಡಿದರೆ ಹೊಗೆಯಿಲ್ಲ. ಮುದುಕ ಹೆಡ್‌ಲೈಟಿನ ಪಕ್ಕದಲ್ಲಿ ಗಾಳಿ ಎಳೆದುಕೊಳ್ಳುವ ಪೈಪಿನ ಬಾಯಿಗೆ ತಂತಿ ತೂರಿಸಿ, ಕೊಕ್ಕೆ ಮಾಡಿ ಎಳೆದ. ಮೊದಲು ಒಂದು ಮೂಲೆ ಬಂತು. ಆಮೇಲೆ ದನದ ಕರುಳು ಎಳೆದ ಹಾಗೆ ಉದ್ದಕ್ಕೆ, ದಿನದಿಂದ ದಿನಕ್ಕೆ ಮಣ್ಣು ಮೆತ್ತಿ ಕಲ್ಲಾಗಿದ್ದ ಬಟ್ಟೆ ಹೊರಗೆ ಬಂತು. ಕೊಡವಿದಾಗ ಮಣ್ಣಿನ ಕೆಳಗೆ ನೀಲಿ ಚೌಕಳಿ ಕಂಡಿತು. ಅದರ ಮೂಲೆಯಲ್ಲಿ ಹಸಿರು ದಾರದ ಹೊಲಿಗೆ. ಬಿಳಿ ದಾರ ಮುಗಿದಿತ್ತೆಂದು ಮಾಲಿನಿ ಹಾಕಿದ್ದ ಹೊಲಿಗೆ.

ಆಯುಧಪೂಜೆಯ ಬೆಳಿಗ್ಗೆ. ಪ್ರತಿವರ್ಷ ಗಾಡಿ ತೊಳೆಯುವವನು ಗಂಗರಾಜು. ಪಂಪಿನಲ್ಲಿ ನೀರು ಬಿಡುವ ಮೊದಲು ಆ ಪೈಪಿನ ಬಾಯಿಗೆ ಬಟ್ಟೆ ತುರುಕುತ್ತಿದ್ದ, ನೀರು ಒಳಗೆ ಹೋಗಬಾರದು ಅಂತ. ತೊಳೆದಾದ ಮೇಲೆ ತೆಗೆದು ಕನ್ನಡಿಗೆ ನೇತು ಹಾಕುತ್ತಿದ್ದ. ಈ ವರ್ಷ ಹಬ್ಬಕ್ಕೆ ಆರು ದಿನ ಮುಂಚೆ ಗುಬ್ಬಿಯಲ್ಲಿ ಅವನ ದೊಡ್ಡಪ್ಪ ಸತ್ತಿದ್ದ. ಸೂತಕ. ‘ಪೂಜೆ ಗಾಡಿ ಮುಟ್ಬೇಡ, ಆಚೆ ನಿಂತ್ಕೋ’ ಎಂದು ಹೇಳಿದವನು ಮಹಾದೇವಯ್ಯ. ಮಠದ ಸಭೆಗಳಲ್ಲಿ ಮುಂದಿನ ಸಾಲಿನಲ್ಲಿ ಕೂತು, ಶರಣರಿಗೆ ಸೂತಕವಿಲ್ಲ ಅನ್ನುವ ಮಾತಿಗೆ ತಲೆದೂಗುವ ಮಹಾದೇವಯ್ಯ. ಮನುಷ್ಯನಿಗಿಲ್ಲದ ಸೂತಕ ಗಾಡಿಗೆ ಎಲ್ಲಿಂದ ಬಂತೆಂದು ಮಾಲಿನಿ ಕೇಳಿದ್ದಳು, ಅವಳನ್ನು ಗದರಿಸಿ ಸುಮ್ಮನಾಗಿಸಿದ್ದ. ತಾನೇ ಪಂಚೆ ಎತ್ತಿ ಕಟ್ಟಿ, ಹೆಗಲ ಟವೆಲ್ಲನ್ನು ಪೈಪಿಗೆ ತುರುಕಿ ತೊಳೆದ. ಗಂಗರಾಜು ರಸ್ತೆಯ ಆಚೆ ಬದಿ, ಚಪ್ಪಲಿ ಬಿಟ್ಟು ಕೈಕಟ್ಟಿ ನಿಂತಿದ್ದ. ಚಕ್ರದ ಕೆಳಗೆ ನಿಂಬೆಹಣ್ಣು ಇಡುವ ಹೊತ್ತಿಗೆ ಅಲ್ಲಿಂದಲೇ ಕೂಗಿ ಹೇಳಿದ. ‘ಅಣ್ಣ, ಪೈಪಿನ್ ಬಟ್ಟೆ ತೆಗೆಯೋದು ಮರೀಬ್ಯಾಡಿ.’ ಹತ್ತು ಜನರ ಮುಂದೆ ಡ್ರೈವರ್ ತನಗೆ ಬುದ್ಧಿ ಹೇಳುವುದೇ ಅನ್ನಿಸಿ ಮೈಯೆಲ್ಲ ಉರಿಯಿತು. ‘ಗಾಡಿ ನಂದು ಕಣೋ, ನಂಗೇ ಹೇಳ್ಕೊಡ್ತೀಯಾ’ ಅಂದ. ಹಾಗೆ ಅನ್ನುವುದರಲ್ಲಿ, ತೆಗೆಯುವುದು ಮರೆತ.

‘ಯಾರ್ದು ಟವೆಲ್ಲು?’ ದೊಡ್ಡರಂಗಯ್ಯ ಅದನ್ನು ಬೆಂಚಿನ ತುದಿಗೆ ಹಾಕುತ್ತ ಕೇಳಿದ.

‘ನಮ್ಮ ಡ್ರೈವರ್ದು’ ಅಂದ ಮಹಾದೇವಯ್ಯ.

ನಾಲಿಗೆ ಅದನ್ನು ಹೇಳಿಬಿಟ್ಟಿತ್ತು. ಯೋಚನೆ ಮಾಡಿ ಹೇಳಿದ್ದರೆ ಅದಕ್ಕೊಂದು ನೆಪ ಹುಡುಕಬಹುದಿತ್ತೇನೋ, ಯೋಚನೆಯನ್ನೇ ಮಾಡದೆ, ಹನ್ನೊಂದು ವರ್ಷದ ರೂಢಿಯಿಂದ ಬಂದ ಮಾತು. ಬೆಂಚಿನವರಲ್ಲಿ ಒಬ್ಬ, ‘ಎಂಥಾ ನನ್ಮಗನ್ನ ಇಟ್ಕೊಂಡಿದ್ರಿ ಸ್ವಾಮಿ’ ಎಂದು ನಕ್ಕ. ದೊಡ್ಡರಂಗಯ್ಯ ನಗಲಿಲ್ಲ. ಗಾಡಿಯ ಹಣೆಯ ಮೇಲೆ ಬರೆದಿದ್ದ ಹೆಸರನ್ನು ಇನ್ನೊಮ್ಮೆ ಓದಿಕೊಂಡ.

‘ಕ್ಯಾತ್ಸಂದ್ರದ ಶಾಮಿಯಾನದ ಗಾಡಿ. ಅಂದ್ರೆ ಗುಬ್ಬಿ ಗಂಗರಾಜು ತಾನೆ?’

‘ಹೂಂ.’

‘ಅವ್ನು ಮೊನ್ನೆ ಬಂದಿದ್ದ ಇಲ್ಲಿಗೆ. ನಮ್ ಅಳಿಯ ತಿಮ್ಮೇಶ ಹಿರೇಹಳ್ಳಿ ಫ್ಯಾಕ್ಟ್ರಿಗೆ ಆರು ಗಾಡಿ ಬಿಟ್ಟವ್ನೆ, ಅಲ್ಲಿಗೆ ಹೇಳಿ ಅಂದ. ಯಾಕ್ ಬಿಟ್ಟೆ ಹಳೇ ಕೆಲ್ಸ ಅಂದ್ರೆ ಬಾಯಿ ಬಿಡ್ಲಿಲ್ಲ. ಈಗ್ ಗೊತ್ತಾಯ್ತು ಬುಡಿ. ಸೋಮವಾರದಿಂದ ಬಾ ಅಂತ ಮಾತಾಗೈತೆ. ತಡೀರಿ, ಹೇಳ್ಬಿಡ್ತೀನಿ. ಬಟ್ಟೆ ಬಿಟ್ಟು ಇಂಜಿನ್ ಕೊಲ್ಲೋನ ಕೈಗೆ ಹೊಸ ಗಾಡಿ ಕೊಡೋಕಾಯ್ತದಾ.’ ಅವನು ಕೈಯನ್ನು ಕಾಟನ್ ಚಿಂದಿಗೆ ಒರೆಸಿಕೊಂಡು ಅಂಗಿಯ ಜೇಬಿನಿಂದ ಫೋನು ತೆಗೆದ.

ಆಗ ಮಹಾದೇವಯ್ಯನ ಒಳಗೆ ಒಂದು ಲೆಕ್ಕ ತಾನಾಗಿಯೇ ನಡೆಯಿತು, ಅದು ನಡೆದದ್ದನ್ನು ಅವನು ಸ್ಪಷ್ಟವಾಗಿ ನೋಡಿದ. ಹಿರೇಹಳ್ಳಿಯ ಕೆಲಸ ತಪ್ಪಿದರೆ ಗಂಗರಾಜು ಎಲ್ಲಿಗೆ ಹೋಗುತ್ತಾನೆ? ನಾಲ್ಕು ದಿನ ಗುಬ್ಬಿಯಲ್ಲಿ ಕೂತು, ಐದನೇ ದಿನ ಬೆಳಗಿನ ರೈಲಿಗೆ ಬಂದು ಬಾಗಿಲಲ್ಲಿ ನಿಲ್ಲುತ್ತಾನೆ. ಹೋಗ್ಲಿ ಬಿಡು ಕಣೋ ಎಂದು ದೊಡ್ಡ ಮನಸ್ಸು ಮಾಡಿ ಬೀಗದ ಕೈ ಕೊಡಬಹುದು. ಕ್ಷಮಿಸುವವನು ತಾನಾಗಬಹುದು. ಸುಮ್ಮನೆ ನಿಂತರೆ ಸಾಕಾಗಿತ್ತು. ಆ ಲೆಕ್ಕ ಎಷ್ಟು ಸಲೀಸಾಗಿ ಕೂಡಿಬಂತೆಂದರೆ ಅವನಿಗೆ ಹೇಸಿಗೆಯಾಯಿತು, ಹೇಸಿಗೆಯ ಹಿಂದೆಯೇ ಸಿಟ್ಟು ಬಂತು. ಈ ಸಲ ಅದು ಹೋಗಿ ತಗುಲುವುದಕ್ಕೆ ಅಲ್ಲಿ ಯಾರೂ ಇರಲಿಲ್ಲ. ಮುದುಕನ ಫೋನು ರಿಂಗಾಗುತ್ತಿತ್ತು. ‘ಹಲೋ ತಿಮ್ಮೇಶ, ಆ ಗುಬ್ಬಿ ಹುಡ್ಗ ಅಂದಿದ್ನಲ್ಲ’ ಎಂದು ದೊಡ್ಡರಂಗಯ್ಯ ಶುರು ಮಾಡಿದ.

ಮಹಾದೇವಯ್ಯ ಬೆಂಚಿನ ತುದಿಗೆ ಹೋಗಿ ಟವೆಲ್ಲನ್ನು ಎತ್ತಿಕೊಂಡ. ಒಮ್ಮೆ ಜೋರಾಗಿ ಕೊಡವಿದ. ಮಣ್ಣು ಹಾರಿ ಟೀ ಕುಡಿಯುವವರ ಲೋಟಕ್ಕೆ ಬಿತ್ತು. ಎರಡು ಮಡಿಕೆ ಮಾಡಿ, ನಲವತ್ತು ವರ್ಷದಿಂದ ಹಾಕಿಕೊಳ್ಳುವ ಹಾಗೆಯೇ ಎಡ ಹೆಗಲ ಮೇಲೆ ಹಾಕಿಕೊಂಡ. ಬಿಳಿ ಅಂಗಿಯ ಮೇಲೆ ಎಣ್ಣೆಮಣ್ಣು ಇಳಿಯಿತು.

‘ಟವೆಲ್ ನಂದು’ ಅಂದ. ದನಿ ಬೈಯುವ ದನಿಯಲ್ಲೇ ಬಂತು, ಅವನಿಗೆ ಬೇರೆ ದನಿ ಗೊತ್ತಿರಲಿಲ್ಲ. ‘ನಾನೇ ಇಟ್ಟಿದ್ದು. ಆಯುಧಪೂಜೆ ದಿನ. ತೆಗೀರಿ ಅಂತ ಅವ್ನು ರೋಡಿಂದಾಚೆ ನಿಂತು ಕೂಗಿ ಹೇಳ್ದ, ನಾನು ತೆಗೀಲಿಲ್ಲ. ಗಾಳಿ ಇಲ್ಲ ಅಂತಾನೂ ಹೇಳ್ದ. ಅದಕ್ಕೆ ಹೊಡ್ದೆ. ಬೆಟ್ಟದ ಮೇಲೆ, ಬಸ್ಸಿನೋರೆಲ್ಲ ನೋಡ್ತಿದ್ರು. ಹೇಳಿ ನಿಮ್ ಅಳಿಯನ್ಗೆ. ಇದ್ದಿದ್ದು ಇದ್ದಂಗೆ ಹೇಳಿ.’

ಫೋನಿನೊಳಗಿಂದ ತಿಮ್ಮೇಶನ ‘ಹಲೋ, ಹಲೋ’ ಕೇಳಿಸುತ್ತಿತ್ತು. ದೊಡ್ಡರಂಗಯ್ಯ ಮಹಾದೇವಯ್ಯನ ಹೆಗಲನ್ನು, ಆಮೇಲೆ ಮುಖವನ್ನು ನೋಡಿದ. ‘ಏನಿಲ್ಲ ಕಣಪ್ಪ’ ಎಂದು ಫೋನಿಗೆ ಹೇಳಿದ. ‘ಆ ಗಂಗರಾಜು ಒಳ್ಳೆ ಡ್ರೈವರು. ಸೋಮವಾರದವರ್ಗೂ ಯಾಕೆ, ನಾಳೆನೇ ಕರ್ಸ್ಕೋ.’ ಫೋನು ಜೇಬಿಗಿಟ್ಟು, ಫಿಲ್ಟರಿನ ಡಬ್ಬಿ ಮುಚ್ಚಿ, ನಾಲ್ಕು ಕ್ಲಿಪ್ಪು ಹಾಕಿದ. ಕೂಲಿ ಕೇಳಲಿಲ್ಲ. ಕೊಡಲು ಹೋದರೆ, ‘ಟವೆಲ್ ಎಳ್ಯೋದ್ಕೆ ಎಂಥ ಕೂಲಿ, ಹೋಗಿ’ ಎಂದು ಬೀಡಿ ಹಚ್ಚಿದ. ಅದು ಮರ್ಯಾದೆಯೋ ಅವಮರ್ಯಾದೆಯೋ ಮಹಾದೇವಯ್ಯನಿಗೆ ತಿಳಿಯಲಿಲ್ಲ.

ಗಾಡಿಯೊಳಗೆ ಕೂತು, ಬಾಗಿಲು ಹಾಕಿಕೊಂಡು, ಅವನು ಗಂಗರಾಜುವಿಗೆ ಫೋನು ಮಾಡಿದ. ಎಂಟು ದಿನದಲ್ಲಿ ಮೊದಲನೇ ಸಲ. ಎತ್ತುವುದಿಲ್ಲ ಅಂದುಕೊಂಡಿದ್ದ. ಎತ್ತಿದ.

‘ಅಣ್ಣ, ಗಾಡಿ ಹೆಂಗೈತೆ? ಹೊಗೆ ಇನ್ನೂ ಬರ್ತೈತಾ?’

ಕೆನ್ನೆಯ ಮಾತಿಲ್ಲ, ಬೆಟ್ಟದ ಮಾತಿಲ್ಲ, ಮೊದಲು ಕೇಳಿದ್ದೇ ಅದು. ಮಹಾದೇವಯ್ಯ ಹೇಳಿದ. ಟವೆಲ್ಲಿನ ಮಾತು ಬಂದಾಗ ಆಚೆ ಕಡೆ ಗುಬ್ಬಿಯ ಸ್ಟೇಷನ್ನಿನಲ್ಲಿ ರೈಲು ಹಾದುಹೋಗುವ ಸದ್ದು ಕೇಳಿಸಿತು. ನಾನು ಹೇಳಿರಲಿಲ್ಲವೇ ಅನ್ನುತ್ತಾನೆ ಎಂದು ಇವನು ಕಾದ. ಅಂದುಬಿಟ್ಟರೆ ಒಂದು ಭಾರ ಇಳಿಯುತ್ತಿತ್ತು.

‘ಹೊಗೆ ಶುರುವಾದಾಗ ಫಿಲ್ಟರ್ ಬಿಚ್ಚಿ ನೋಡ್ದೋನು ನಾನು ಪೈಪೂ ನೋಡ್ಬೇಕಾಗಿತ್ತು ಅಣ್ಣ’ ಅಂದ ಗಂಗರಾಜು. ‘ನೀವು ತೆಗ್ದಿರ್ತೀರಾ ಅಂತ ನೋಡ್ಲಿಲ್ಲ.’

ಇದಕ್ಕಿಂತ ಎರಡು ಬೈದಿದ್ದರೆ ಚೆನ್ನಾಗಿತ್ತು. ‘ನಾಳೆಯಿಂದ ಬಾ’ ಅಂದ ಮಹಾದೇವಯ್ಯ. ಹೇಳಿದ ಮೇಲೆ ಅದು ಅಪ್ಪಣೆಯ ಹಾಗೆ ಕೇಳಿಸಿತು. ‘ಬರ್ತೀಯಾ’ ಎಂದು ತಿದ್ದಿಕೊಂಡ. ‘ತಪ್ಪಾಯ್ತು ಕಣೋ.’

‘ಇಲ್ಲ ಅಣ್ಣ. ತಿಮ್ಮೇಶಣ್ಣ ಈಗ ಫೋನ್ ಮಾಡಿದ್ರು, ನಾಳೆನೇ ಬಾ ಅಂದವ್ರೆ. ಬರ್ತೀನಿ ಅಂದ್ಬಿಟ್ಟೆ.’ ತಡೆದು ಹೇಳಿದ, ‘ಆ ಪೈಪಿನ್ ಬಾಯಿಗೆ ಒಂದು ಜಾಲರಿ ಹಾಕುಸ್ಕಳಿ. ಇನ್ಮೇಲೆ ಯಾರು ಓಡ್ಸ್ತಾರೋ ಏನೋ, ಅವ್ರಿಗೆ ಗೊತ್ತಿರಲ್ಲ. ಇಡ್ತೀನಣ್ಣ.’

ಕೋಪದಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬರುವುದಿಲ್ಲ ಎಂದು ಅವನ ಅವ್ವ ಅವನಿಗೇ ಎಷ್ಟು ಸಲ ಹೇಳಿಲ್ಲ. ಶಾಂತವಂತೂ ಅವನು ಆಗಿರಲಿಲ್ಲ. ಅವನು ಗಾಡಿ ಸ್ಟಾರ್ಟ್ ಮಾಡಿದ. ಮುಟ್ಟಿದರೆ ಸಾಕು, ಪೆಡಲಿಗೆ ಕಾಯುತ್ತಿದ್ದ ಹಾಗೆ ಇಂಜಿನ್ನು ಎಳೆಯಿತು. ಇನ್ನೂರು ಕುರ್ಚಿ, ನಾಲ್ಕು ಹಂಡೆ ಹಿಂದಿವೆ ಅನ್ನುವುದೇ ಗೊತ್ತಾಗಲಿಲ್ಲ. ಕೆರೆಯ ಕಡೆಯ ಏರನ್ನು ಮೂರನೇ ಗೇರಿನಲ್ಲೇ ಹತ್ತಿತು. ಅವನು ಕನ್ನಡಿಯಲ್ಲಿ ಹಿಂದೆ ನೋಡಿದ, ಹೊಗೆ ಇರಲಿಲ್ಲ. ಗಂಟೆ ಇನ್ನೂ ಒಂದಾಗಿರಲಿಲ್ಲ. ಚಪ್ಪರದವರಿಗಿಂತ ಮುಂಚೆಯೇ ಮುಟ್ಟಬಹುದಿತ್ತು. ಬಸ್ ಸ್ಟ್ಯಾಂಡಿನ ಹತ್ತಿರ ಸ್ಕೂಟರೊಂದು ಇದ್ದಕ್ಕಿದ್ದಂತೆ ಅಡ್ಡ ಬಂತು. ಅವನ ಕಾಲು ಬ್ರೇಕು ತುಳಿಯಿತು, ಹಂಡೆಗಳು ದಡಬಡ ಅಂದವು, ಬಾಯಿಗೆ ಹನ್ನೊಂದು ವರ್ಷದ ಮಾತು ತಾನಾಗಿ ಬಂತು, ನೋಡ್ಕೊಂಡು ಓಡ್ಸೋ. ಬೈಸಿಕೊಳ್ಳುವ ಸೀಟಿನಲ್ಲಿ ಅವನೇ ಕೂತಿದ್ದ.